ಆರೇಳ್ಲಿ ನಲವತ್ತೆರಡು

ಮನೆ ಕಟ್ಟಿಸ್ತಾ ಇರೋರು, ಹಳೇ ಮನೆ ರಿಪೇರಿಗೆ ಕೈ ಹಾಕಿರೋರು, ಮುಂದೆ ಯಾವತ್ತೋ ಒಂದು ದಿನ ಮಾಡಿಸೋಣ ಅಂತ ಇಎಂಐ ಲೆಕ್ಕ ಹಾಕ್ಕೊಂಡು ಕೂತಿರೋರು... ನಿಮಗೆಲ್ಲ ಒಂದು ಮಾತು ಹೇಳೋದಿದೆ. ರೂಮಿನ ನೆಲಕ್ಕೆ ಟೈಲ್ಸ್ ಎಷ್ಟು ಬೇಕು ಅನ್ನೋ ಲೆಕ್ಕವನ್ನ ದಯವಿಟ್ಟು ಚದರಡಿಯಲ್ಲಿ ಹಾಕಬೇಡಿ. ಚದರಡಿ ಅಂಗಡಿಯವನ ಅಳತೆ. ನೆಲಕ್ಕೆ ಅದು ಗೊತ್ತಿಲ್ಲ. ನೆಲಕ್ಕೆ ಗೊತ್ತಿರೋದು ಪೀಸು ಮಾತ್ರ.

ಇದೇನು ದೊಡ್ಡ ವಿಷಯ ಅಂತ ಬರೀತಾ ಕೂತಿದ್ದಾನೆ ಅನ್ನಿಸಬಹುದು. ಉದ್ದ ಇಂಟು ಅಗಲ, ನಾಲ್ಕನೇ ಕ್ಲಾಸಿನ ಲೆಕ್ಕ. ನಾನೂ ಹಾಗೇ ಅಂದ್ಕೊಂಡಿದ್ದೆ. ಎಂಜಿನಿಯರಿಂಗ್ ಓದಿದವನಿಗೆ ಇದಕ್ಕೆ ಪೇಪರ್ ಬೇರೆ ಬೇಕಾ ಅಂತ. ಆ ಜಂಭದ ಕಥೆಯನ್ನ ಮೊದಲು ಹೇಳಿಬಿಡ್ತೀನಿ.

2019ರ ಡಿಸೆಂಬರ್. ತೀರ್ಥಹಳ್ಳಿ ಹತ್ತಿರದ ನಮ್ಮೂರ ಮನೆಯಲ್ಲಿ ಅಪ್ಪ-ಅಮ್ಮ ಮಲಗೋ ರೂಮಿನ ಸಿಮೆಂಟ್ ನೆಲ ಅಲ್ಲಲ್ಲಿ ಎದ್ದು ಬಂದಿತ್ತು. ಮಳೆಗಾಲದಲ್ಲಿ ಥಂಡಿ ಏರಿ ಅಮ್ಮನಿಗೆ ಕಾಲು ನೋವು ಬೇರೆ. ಉಳಿದ ಮನೆಯೆಲ್ಲ ಅಜ್ಜನ ಕಾಲದ ರೆಡ್ ಆಕ್ಸೈಡ್, ಅದನ್ನ ಮುಟ್ಟೋದು ಬೇಡ, ಈ ಒಂದು ರೂಮಿಗೆ ಮಾತ್ರ ಟೈಲ್ಸ್ ಹಾಕಿಸೋಣ ಅಂತ ತೀರ್ಮಾನ ಆಯ್ತು. ನಾನು ಬೆಂಗಳೂರಲ್ಲಿ. ಫೋನಲ್ಲಿ ಕೇಳಿದೆ, "ಅಪ್ಪಾ, ರೂಮು ಎಷ್ಟಿದೆ?" "ಹತ್ತು ಹನ್ನೆರಡು ಇರ್ಬಹುದು ಮಾರಾಯ" ಅಂದ್ರು. ಮುಗೀತಲ್ಲ. ನೂರಿಪ್ಪತ್ತು ಚದರಡಿ. ಎರಡಡಿ ಬೈ ಎರಡಡಿ ಟೈಲ್ಸು, ಬಾಕ್ಸಿಗೆ ನಾಲ್ಕು, ಅಂದ್ರೆ ಬಾಕ್ಸಿಗೆ ಹದಿನಾರು ಅಡಿ. 120 ಭಾಗಿಸು 16, ಏಳೂವರೆ. ಎಂಟು ಬಾಕ್ಸ್ ತಗೊಂಡ್ರೆ ಎರಡು ಪೀಸು ಉಳಿಯುತ್ತೆ, ಅದೇ ವೇಸ್ಟೇಜಿಗೆ. ಎಕ್ಸೆಲ್ ಶೀಟಲ್ಲಿ ಹಾಕಿ ಅಪ್ಪನಿಗೆ ವಾಟ್ಸ್ಯಾಪ್ ಬೇರೆ ಮಾಡಿದೆ!

ಆ ವಾರ ಮೇಸ್ತ್ರಿ ಬಂದು ನೋಡಿ ಹೋದ. ಹೋಗ್ತಾ "ಹನ್ನೆರಡು ಬಾಕ್ಸ್ ತರಿಸಿ ಯಜಮಾನ್ರೇ" ಅಂದನಂತೆ. ಅಪ್ಪ ನನಗೆ ಹೇಳಿದ್ರು. ನಾನು ನಕ್ಕೆ. ನಕ್ಕಿದ್ದು ಮಾತ್ರ ಅಲ್ಲ, "ನಾಲ್ಕು ಬಾಕ್ಸ್ ಅವನ ಮನೆ ಬಚ್ಚಲಿಗೆ ಹೋಗುತ್ತೆ ನೋಡ್ತಿರು" ಅಂದೆ. ಅಂಗಡಿಯವನ ಹತ್ರ ಕಮಿಷನ್ ಇರಬಹುದು ಅಂತಾನೂ ಅಂದೆ. ಅಪ್ಪ ಏನೂ ಹೇಳಲಿಲ್ಲ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗುವಾಗ ಶಿವಮೊಗ್ಗದಲ್ಲಿ ಇಳಿದು ನಾನೇ ಎಂಟು ಬಾಕ್ಸ್ ತಗೊಂಡು ಗೂಡ್ಸ್ ಆಟೋದಲ್ಲಿ ಕಳಿಸಿದೆ. ಚದರಡಿಗೆ 48 ರೂಪಾಯಿಯ ಐವರಿ ಬಣ್ಣದ ವಿಟ್ರಿಫೈಡ್. ಮೂರು ಸಾವಿರ ಉಳಿಸಿದೆ ಅಂತ ಬಸ್ಸಲ್ಲಿ ಕೂತು ಖುಷಿಪಟ್ಟೆ.

ರಜೆ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಕೆಲಸ ಶುರುವಾಯ್ತು. ಎರಡನೇ ದಿನ ಮಧ್ಯಾಹ್ನ ಅಪ್ಪನ ಫೋನು. "ಟೈಲ್ಸ್ ಮುಗೀತು ಮಾರಾಯ. ಇನ್ನೂ ಎರಡು ಸಾಲು ಬಾಕಿ ಇದೆ, ಗೋಡೆ ಕಪಾಟಿನ ಒಳಗೂ ಆಗ್ಬೇಕು."

ಅಂಗಡಿಗೆ ಫೋನ್ ಮಾಡಿದ್ರೆ ಆ ಲಾಟು ಖಾಲಿ. ಅದೇ ಕಂಪನಿ, ಅದೇ ಹೆಸರು, ಅದೇ ನಂಬರಿನದ್ದು ಮುಂದಿನ ಲೋಡಲ್ಲಿ ಬರುತ್ತೆ, ಶೇಡು ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು ಅಂದ್ರು. ಎರಡು ದಿನ ಕಾದು ಬಂದಿದ್ದು ನೋಡಿದ್ರೆ ಮೊದಲಿನದ್ದು ಹಾಲಿನ ಬಣ್ಣ, ಇದು ಕೆನೆ ಬಣ್ಣ. ಬಣ್ಣ ಹೋಗ್ಲಿ, ಅಳತೆಯಲ್ಲೂ ಒಂದು ಕೂದಲೆಳೆ ವ್ಯತ್ಯಾಸ. ಸಂದುಗೆರೆ ಮೊದಲಿನ ಸಾಲಿಗೂ ಹೊಸ ಸಾಲಿಗೂ ಸರಿಯಾಗಿ ಕೂಡೋದಿಲ್ಲ.

ಇಲ್ಲಿಂದ ಲೆಕ್ಕಕ್ಕೆ ಬರ್ತೀನಿ. ಯಾಕಂದ್ರೆ ಆಮೇಲೆ ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ಮಾಡಿದ ಮೊದಲ ಕೆಲಸ ಟೇಪು ಹಿಡಿದು ಆ ರೂಮನ್ನ ಅಳೆದಿದ್ದು. ಮೊದಲೇ ಮಾಡಬೇಕಾಗಿದ್ದ ಕೆಲಸ, ಬಿಡಿ.

ರೂಮು ಹತ್ತು ಹನ್ನೆರಡು ಅಲ್ಲ. ಹತ್ತಡಿ ಒಂದಿಂಚು, ಹನ್ನೆರಡಡಿ ಮೂರಿಂಚು. ಟೈಲ್ಸೂ ಎರಡಡಿ ಅಲ್ಲ! ನಾವೆಲ್ಲ "ಟೂ ಬೈ ಟೂ" ಅಂತ ಕರೆಯೋ ಟೈಲ್ಸಿನ ನಿಜವಾದ ಅಳತೆ 600 ಮಿಲಿಮೀಟರ್. ಎರಡಡಿ ಅಂದ್ರೆ 609.6 ಮಿಲಿಮೀಟರ್. ಒಂದು ಪೀಸಿನಲ್ಲಿ ಒಂದು ಸೆಂಟಿಮೀಟರ್ ಹತ್ತಿರ ಕಮ್ಮಿ. ಹೆಸರಿಗೆ ನಾಲ್ಕು ಚದರಡಿ, ನಿಜಕ್ಕೆ 3.875. ಬಾಕ್ಸಿಗೆ ಹದಿನಾರಲ್ಲ, ಹದಿನೈದೂವರೆ. ಬಾಕ್ಸಿನ ಬದಿಯಲ್ಲಿ 1.44 ಚದರ ಮೀಟರ್ ಅಂತ ಪ್ರಿಂಟೇ ಆಗಿರುತ್ತೆ, ನಾವು ಓದೋದಿಲ್ಲ ಅಷ್ಟೇ. (ಬಿಲ್ಲಿನಲ್ಲಿ ಬಾಕ್ಸಿಗೆ ಹದಿನಾರು ಅಡಿ ಅಂತ ಹಾಕಿದ್ರೆ ಕೇಳಿ. ಅರ್ಧ ಅಡಿ ಗಾಳಿಗೆ ದುಡ್ಡು ಕೊಟ್ಟ ಹಾಗೆ.)

ಅಂದ್ರೆ ನಾನು ತಂದ ಎಂಟು ಬಾಕ್ಸು 128 ಚದರಡಿ ಅಲ್ಲ, 124. ರೂಮಿನ ನೆಲ 120 ಅಲ್ಲ, 123.5. ನೋಡಿ, ಒಂದು ಪೀಸೂ ಕತ್ತರಿಸದೆ, ಒಂದೂ ಒಡೆಯದೆ, ಪುಡಿ ಮಾಡಿ ಹರಡಿದ್ರೂ ಅರ್ಧ ಅಡಿ ಮಾತ್ರ ಉಳೀತಿತ್ತು. ಇನ್ನು ಗೋಡೆಯ ಬುಡಕ್ಕೆ ಹಾಕೋ ಸ್ಕರ್ಟಿಂಗ್? ಅದು ನನ್ನ ಎಕ್ಸೆಲ್ಲಿನಲ್ಲಿ ಇರಲೇ ಇಲ್ಲ. ನಾಲ್ಕೂ ಗೋಡೆ ಸೇರಿ ಬಾಗಿಲು ಬಿಟ್ಟು ಸುಮಾರು ನಲವತ್ತೆರಡಡಿ ಉದ್ದ, ನಾಲ್ಕಿಂಚು ಎತ್ತರ, ಹದಿನಾಲ್ಕು ಚದರಡಿ ಅದೇ ಆಯ್ತು. ಗೋಡೆ ಕಪಾಟಿನ ಒಳಗಿನ ನೆಲ ನಾಲ್ಕಡಿಗೆ ಒಂದೂವರೆ, ಆರು ಚದರಡಿ. ಬಾಗಿಲ ಹತ್ತಿರ ಗೋಡೆಯ ದಪ್ಪದಷ್ಟು ಜಾಗ, ಎರಡು ಚದರಡಿ ಚಿಲ್ಲರೆ. ಒಟ್ಟು ನೂರಾ ನಲವತ್ತೈದು ದಾಟಿತು. ನನ್ನ ನೂರಿಪ್ಪತ್ತು ಎಲ್ಲಿ, ಇದೆಲ್ಲಿ.

ಇಷ್ಟಾದ್ರೂ ಇದು ಚದರಡಿಯ ತಪ್ಪು. ನಿಜವಾದ ತಪ್ಪು ಇನ್ನೊಂದಿದೆ, ಅದನ್ನ ಕಂಡುಹಿಡಿಯೋಕೆ ನನಗೆ ಒಂದು ಸಂಜೆ ಬೇಕಾಯ್ತು.

ರೂಮಿನ ಅಗಲ ಹತ್ತಡಿ ಒಂದಿಂಚು, ಅಂದ್ರೆ 3073 ಮಿಲಿಮೀಟರ್. ಪ್ರತಿ ಪೀಸಿನ ಮಧ್ಯೆ 3 ಮಿಲಿಮೀಟರ್ ಸಂದು ಬಿಟ್ಟು ಇಟ್ಟರೆ ಐದು ಪೀಸು ಕೂರುತ್ತೆ, ಆಮೇಲೆ ಎರಡು ಬೆರಳು ಅಗಲದ ಜಾಗ ಉಳಿಯುತ್ತೆ. ಉದ್ದಕ್ಕೆ ಆರು ಪೀಸು ಕೂರುತ್ತೆ, ಆಮೇಲೆ ನಾಲ್ಕೂವರೆ ಇಂಚು ಉಳಿಯುತ್ತೆ. ಈ ಉಳಿದಿದ್ದಕ್ಕೆ ಪಟ್ಟಿ ಕತ್ತರಿಸಿ ತುಂಬಬಹುದು. ಆದ್ರೆ ಎರಡು ಬೆರಳು ಅಗಲದ ವಿಟ್ರಿಫೈಡ್ ಪಟ್ಟಿಯನ್ನ ಕತ್ತರಿಸೋವಾಗ ಎಷ್ಟು ಒಡೆಯುತ್ತೆ ಅಂತ ಕೆಲಸ ಮಾಡೋರನ್ನ ಕೇಳಿ. ಕೂತ ಮೇಲೂ ಅದು ನೋಡೋಕೆ ಚೆನ್ನಾಗಿರಲ್ಲ. ರೂಮಿನ ಒಂದು ಅಂಚಿಗೆ ಪಂಚೆಗೆ ಅಂಚು ಹೊಲಿದ ಹಾಗೆ ಕಾಣುತ್ತೆ. ಕೆಲಸ ಗೊತ್ತಿರೋ ಮೇಸ್ತ್ರಿ ಹಾಗೆ ಮಾಡೋದಿಲ್ಲ. ರೂಮಿನ ಮಧ್ಯಕ್ಕೆ ದಾರ ಹಿಡಿದು ಎರಡೂ ಕಡೆ ಸಮವಾಗಿ ಬರೋ ಹಾಗೆ ಸಾಲನ್ನ ಸರಿಸ್ತಾನೆ. ಆಗ ಅಗಲಕ್ಕೆ ಮಧ್ಯ ನಾಲ್ಕು ಪೂರ್ತಿ ಪೀಸು, ಎರಡೂ ಬದಿಗೆ 33 ಸೆಂಟಿಮೀಟರಿನ ಒಂದೊಂದು ತುಂಡು. ಉದ್ದಕ್ಕೆ ಮಧ್ಯ ಐದು ಪೂರ್ತಿ, ಎರಡೂ ಬದಿಗೆ 36 ಸೆಂಟಿಮೀಟರಿನ ತುಂಡು.

ಈಗ ಗಮನ ಕೊಡಿ. 60 ಸೆಂಟಿಮೀಟರ್ ಪೀಸಿನಿಂದ 33 ಸೆಂಟಿಮೀಟರಿನ ತುಂಡು ಎಷ್ಟು ಬರುತ್ತೆ? ಒಂದೇ. ಉಳಿದ 27 ಸೆಂಟಿಮೀಟರ್ ಇನ್ನೊಂದು ಬದಿಗೆ ಸಾಲೋದಿಲ್ಲ. ಅಂದ್ರೆ ಅರ್ಧಕ್ಕಿಂತ ಸ್ವಲ್ಪವೇ ದೊಡ್ಡದಾದ ತುಂಡಿಗೂ ಇಡೀ ಪೀಸು ಹೋಯ್ತು. ಅಗಲಕ್ಕೆ ಆರು, ಉದ್ದಕ್ಕೆ ಏಳು. ನಲವತ್ತೆರಡು ಪೀಸು. ನನ್ನ ಶೀಟಿನ ಪ್ರಕಾರ ಮೂವತ್ತು!

ಅದೇ ರೂಮು ಅಗಲದಲ್ಲಿ ಎರಡಿಂಚು, ಉದ್ದದಲ್ಲಿ ನಾಲ್ಕಿಂಚು ಚಿಕ್ಕದಾಗಿದ್ದಿದ್ರೆ? ಐದು ಪೀಸು, ಆರು ಪೀಸು, ಒಂದನ್ನೂ ಕತ್ತರಿಸದೆ ಕೂತುಬಿಡ್ತಿತ್ತು, ಅಂಚಿನ ಒಂದೆರಡು ಸೆಂಟಿಮೀಟರ್ ಸ್ಕರ್ಟಿಂಗ್ ಅಡಿಗೆ ಮುಚ್ಚಿ ಹೋಗ್ತಿತ್ತು. ಮೂವತ್ತು ಪೀಸು ಸಾಕಿತ್ತು. ಎರಡು ರೂಮಿನ ವಿಸ್ತೀರ್ಣದಲ್ಲಿ ವ್ಯತ್ಯಾಸ ಬರೀ ಐದು ಚದರಡಿ ಚಿಲ್ಲರೆ. ಟೈಲ್ಸಿನ ವ್ಯತ್ಯಾಸ ಹನ್ನೆರಡು ಪೀಸು, ನಲವತ್ತಾರು ಚದರಡಿ. ಇದನ್ನ ಯಾವ ಚದರಡಿ ಲೆಕ್ಕ ಹಿಡಿಯುತ್ತೆ ಹೇಳಿ? ಅಂಗಡಿಯವರು ಹೇಳೋ "ಹತ್ತು ಪರ್ಸೆಂಟ್ ಜಾಸ್ತಿ ತಗೊಳ್ಳಿ ಸಾರ್" ಅನ್ನೋ ಮಂತ್ರವೂ ಹಿಡಿಯೋದಿಲ್ಲ. ಹತ್ತು ಪರ್ಸೆಂಟ್ ಸೇರಿಸಿದ್ರೂ ನನಗೆ ಒಂಬತ್ತು ಬಾಕ್ಸ್ ಬರ್ತಿತ್ತು, ಮೂವತ್ತಾರು ಪೀಸು. ಬರೀ ನೆಲಕ್ಕೇ ಆರು ಕಮ್ಮಿ.

ಹತ್ತು ಪರ್ಸೆಂಟ್ ಸುಳ್ಳು ಅಂತಲ್ಲ. ದೊಡ್ಡ ಜಾಗಕ್ಕೆ ಅದು ಹತ್ತಿರ ಹತ್ತಿರ ನಡೆಯುತ್ತೆ. ಇಪ್ಪತ್ತು ಮೂವತ್ತರ ಹಾಲಿಗೆ ಇದೇ ಥರ ಎಣಿಸಿ ನೋಡಿದೆ. ಅಗಲಕ್ಕೆ 11, ಉದ್ದಕ್ಕೆ 16, ಒಟ್ಟು 176 ಪೀಸು. ವಿಸ್ತೀರ್ಣದ ಲೆಕ್ಕದಲ್ಲಿ 155. ಜಾಸ್ತಿ ಬೇಕಾಗಿದ್ದು ಹದಿನಾಲ್ಕು ಪರ್ಸೆಂಟ್. ಅಪ್ಪನ ರೂಮಿಗೆ ಅದೇ ಲೆಕ್ಕ ಮೂವತ್ತೆರಡು ಪರ್ಸೆಂಟ್. ಜಾಗ ಚಿಕ್ಕದಾದಷ್ಟೂ, ಟೈಲ್ಸ್ ದೊಡ್ಡದಾದಷ್ಟೂ ಅಂಚಿನ ಪಾಲು ಜಾಸ್ತಿ. ಈಗ ಎಲ್ಲರಿಗೂ ಟೂ ಬೈ ಫೋರ್ ಟೈಲ್ಸಿನ ಹುಚ್ಚು. ಬಾಕ್ಸಿಗೆ ಎರಡೇ ಪೀಸು, ಅದೇ ಹದಿನೈದೂವರೆ ಅಡಿ. ಹಾಲಿಗೆ ಸರಿ. ಅದನ್ನೇ ತಂದು ಎಂಟಡಿಯ ಪುಟ್ಟ ದೇವರ ಕೋಣೆಗೂ ಹಾಕಿಸ್ತೀನಿ ಅನ್ನೋರನ್ನ ಕಂಡ್ರೆ ನನಗೆ ಈಗ ಒಂಥರಾ ಆಗುತ್ತೆ.

ಸರಿ, ಹಾಗಾದ್ರೆ ಪೂರ್ತಿ ಎಷ್ಟು ಬೇಕಿತ್ತು? ನೆಲಕ್ಕೆ 42. ಕಪಾಟಿನ ಒಳಗೆ 3. ಸ್ಕರ್ಟಿಂಗಿಗೆ? ಸೊನ್ನೆ! ಅಂಚಿಗೆ ಕತ್ತರಿಸಿ ಉಳಿದ ಆ 27, 24 ಸೆಂಟಿಮೀಟರಿನ ತುಂಡುಗಳಿವೆಯಲ್ಲ, ಒಂದೊಂದರಲ್ಲೂ ನಾಲ್ಕಿಂಚಿನ ಎರಡೆರಡು ಪಟ್ಟಿ ಬರುತ್ತೆ. ಇಡೀ ರೂಮಿಗೆ ಬೇಕಾಗಿದ್ದು 22 ಪಟ್ಟಿ. ಬೇಕಾದಷ್ಟಾಗಿ ಮಿಗುತ್ತೆ. ಬಾಗಿಲ ಸಂದಿಗೂ ಅದರಲ್ಲೇ ಆಗುತ್ತೆ. ಒಡೆಯೋದು, ಮೂಲೆ ಚಕ್ಕೆ ಹಾರೋದು ಅಂತ ಎರಡು ಮೂರು ಪೀಸು. ಒಟ್ಟು ನಲವತ್ತೆಂಟು. ಹನ್ನೆರಡು ಬಾಕ್ಸ್.

ಇನ್ನೊಂದು ತಮಾಷೆ ಅಂದ್ರೆ, ಉಳಿತಾಯ ಮಾಡ್ತೀನಿ ಅಂತ ಎರಡು ಬೆರಳಿನ ಪಟ್ಟಿ ಇಟ್ಟು ಮಾಡಿಸಿದ್ರೆ ಎಷ್ಟಾಗ್ತಿತ್ತು ಅಂತಾನೂ ಎಣಿಸಿದೆ. ಆಗ ಸ್ಕರ್ಟಿಂಗಿಗೆ ಬೇರೆ ಐದು ಪೀಸು ಕತ್ತರಿಸಬೇಕು, ಬಾಗಿಲಿಗೆ ಬೇರೆ ಒಂದು. ಕೊನೆಗೆ ಹನ್ನೊಂದು ಬಾಕ್ಸಿಗೆ ಬಂದು ನಿಲ್ಲುತ್ತೆ. ಒಂದೇ ಒಂದು ಬಾಕ್ಸಿನ ವ್ಯತ್ಯಾಸಕ್ಕೆ ಜೀವಮಾನ ಪೂರ್ತಿ ಆ ಅಂಚನ್ನ ನೋಡ್ಕೊಂಡು ಇರಬೇಕಾಗಿತ್ತು.

ಮೇಸ್ತ್ರಿ ಹೇಳಿದ್ದೂ ಹನ್ನೆರಡೇ ಅಲ್ವಾ. ಅವನು ಹೇಗೆ ಅಳೆದ ಅಂತ ಅಪ್ಪನ್ನ ಕೇಳಿದೆ. ಟೇಪು ತಂದಿರಲಿಲ್ಲವಂತೆ. ಎಲ್ಲಿಂದಲೋ ಉಳಿದ ಒಂದು ಟೂ ಬೈ ಟೂ ಪೀಸನ್ನ ಸ್ಕೂಟರಿನ ಮುಂದೆ ಇಟ್ಕೊಂಡು ಬಂದಿದ್ದ. ಅದನ್ನ ಗೋಡೆ ಬುಡದಲ್ಲಿ ಇಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮುಂದೆ ಸರಿಸಿ, ಮತ್ತೆ ಗುರುತು ಹಾಕಿ... ಆ ತುದಿಗೆ ಹೋದ ಮೇಲೆ ಉಳಿದ ಎರಡು ಬೆರಳು ಜಾಗ ನೋಡಿ ತಲೆ ಕೆರ್ಕೊಂಡು "ಈ ಕಡೆ ಆರು ಹಿಡೀಬೇಕು" ಅಂದ. ಇನ್ನೊಂದು ಗೋಡೆ ಹಿಡಿದು "ಆ ಕಡೆ ಏಳು" ಅಂದ. "ಆರೇಳ್ಲಿ ನಲವತ್ತೆರಡು, ಕಪಾಟಿಗೆ ಮೂರು, ಕೈ ತಪ್ಪಿದ್ದಕ್ಕೆ ಮೂರು, ಹನ್ನೆರಡು ಬಾಕ್ಸ್." ಐದು ನಿಮಿಷದ ಕೆಲಸ. ಅಡಿ, ಇಂಚು, ಮಿಲಿಮೀಟರ್ ಯಾವುದರ ಹಂಗೂ ಇಲ್ಲ. ನಾನು ಒಂದು ಸಂಜೆ ಕೂತು, ಗ್ರಾಫ್ ಹಾಳೆಯಲ್ಲಿ ಗೀಚಿ, ಕ್ಯಾಲ್ಕ್ಯುಲೇಟರ್ ಒತ್ತಿ ತಲುಪಿದ ಜಾಗಕ್ಕೇ ಅವನು ಸೀಮೆಸುಣ್ಣದಲ್ಲಿ ಹೋಗಿ ಕೂತಿದ್ದ.

ಇದಕ್ಕೆ ನಮ್ಮಲ್ಲೇ ಒಂದು ಹಳೇ ನಂಟು ಇದೆ ಅಂತ ಆಮೇಲೆ ಹೊಳೀತು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ' ಇದೆಯಲ್ಲ, ಅದರ ಕ್ಷೇತ್ರಗಣಿತದಲ್ಲಿ ಎರಡು ಥರದ ಲೆಕ್ಕ ಹೇಳ್ತಾನೆ. ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ನಾಲ್ಕು ಬದಿ ಇರೋ ಜಾಗಕ್ಕೆ ವ್ಯಾವಹಾರಿಕ ಲೆಕ್ಕ ಅಂದ್ರೆ ಎದುರುಬದುರು ಬದಿಗಳ ಸರಾಸರಿ ತೆಗೆದು ಒಂದಕ್ಕೊಂದು ಗುಣಿಸೋದು. ಹಳೇ ಮನೆಗಳ ರೂಮು ಯಾವುದೂ ಮೂಲೆಮಟ್ಟಕ್ಕೆ ಇರೋದಿಲ್ಲ, ಈ ಗೋಡೆಗೂ ಎದುರಿನ ಗೋಡೆಗೂ ಒಂದಿಂಚು ಎರಡಿಂಚು ವ್ಯತ್ಯಾಸ ಇದ್ದೇ ಇರುತ್ತೆ, ಆ ಲೆಕ್ಕಕ್ಕೆ ಈ ಸೂತ್ರ ಈಗಲೂ ನಡೆಯುತ್ತೆ. ಆದ್ರೆ ಟೈಲ್ಸಿಗೆ ಮಾತ್ರ ಸರಾಸರಿ ಬೇಡ. ಉದ್ದ ಇರೋ ಗೋಡೆಯನ್ನೇ ಹಿಡೀಬೇಕು, ಯಾಕಂದ್ರೆ ಆ ಒಂದಿಂಚಿಗಾಗಿ ಒಂದು ಇಡೀ ಸಾಲು ಬೇಕಾಗಬಹುದು. ಹೋಲಿಕೆ ಎಳೆದು ತಂದಿದ್ದು ಅಂತ ಬೈದ್ರೂ ಚಿಂತಿಲ್ಲ, ಸೂಕ್ಷ್ಮ ಅಂದ್ರೆ ದಶಮಾಂಶ ಬಿಂದುವಿನ ಆಚೆ ಇರೋ ಅಂಕಿ ಅಂತ ತಿಳ್ಕೊಂಡಿದ್ದ ನನಗೆ ಸೀಮೆಸುಣ್ಣದ ಲೆಕ್ಕವೇ ಸೂಕ್ಷ್ಮ ಅಂತ ಕಂಡಿತು :-)

ಕಮ್ಮಿ ತಂದವನ ಕಥೆ ಇದಾದ್ರೆ, ಜಾಸ್ತಿ ತಂದವರೂ ಇದ್ದಾರೆ. ನಮ್ಮ ಭಾವ ಬೆಂಗಳೂರಲ್ಲಿ ಮನೆ ಕಟ್ಟಿಸಿದಾಗ ಕಂಟ್ರಾಕ್ಟರ್ ಜೊತೆ ಮಾತೆಲ್ಲ "ಚದರ"ದಲ್ಲಿ. ನಮ್ಮ ಕಡೆ ಒಂದು ಚದರ ಅಂದ್ರೆ ನೂರು ಚದರಡಿ. ಹನ್ನೆರಡು ಚದರದ ಮನೆ ಅಂತ ಸಾವಿರದಿನ್ನೂರು ಅಡಿಗೆ ಟೈಲ್ಸ್ ತಂದು ಇಳಿಸಿಬಿಟ್ಟರು. ಗೋಡೆ ದಪ್ಪವೂ ಆ ಹನ್ನೆರಡು ಚದರದಲ್ಲೇ ಇದೆ, ಮೆಟ್ಟಿಲಿಗೆ ಗ್ರಾನೈಟು, ಬಚ್ಚಲಿಗೆ ಬೇರೆ ಟೈಲ್ಸು ಅನ್ನೋದು ಆಮೇಲೆ ನೆನಪಾಯ್ತು. ಉಳಿದಿದ್ದು ಟೆರೇಸಿನ ಮೇಲೆ ಇನ್ನೂ ಪೇರಿಸಿಟ್ಟಿದ್ದಾರೆ, ಅಕ್ಕ ಅದರ ಮೇಲೆ ಹಪ್ಪಳ ಒಣಗಿಸ್ತಾಳೆ. ಫ್ಲ್ಯಾಟ್ ತಗೊಂಡವರಿಗಂತೂ ಸೂಪರ್ ಬಿಲ್ಟಪ್, ಬಿಲ್ಟಪ್, ಕಾರ್ಪೆಟ್ ಅಂತ ಮೂರು ಮೂರು ಅಂಕಿ. ಕಾರ್ಪೆಟ್ ಏರಿಯಾ ಅಂದ್ರೆ ಕಾರ್ಪೆಟ್ ಹಾಸೋವಷ್ಟು ಜಾಗ ಅಂತ ತಾನೇ ಅರ್ಥ? ಅದೂ ಅಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ಅದರಲ್ಲಿ ಒಳಗೋಡೆಗಳ ಜಾಗವೂ ಸೇರಿದೆ. ಗೋಡೆಯ ಅಡಿಗೆ ಕಾರ್ಪೆಟ್ ಹಾಸೋ ಪುಣ್ಯಾತ್ಮರು ಯಾರೋ! ಇನ್ನೊಂದು ಕಡೆ ಬಾಲ್ಕನಿ ಅದರಲ್ಲಿ ಸೇರಿಲ್ಲ, ಆದ್ರೆ ಬಾಲ್ಕನಿಗೆ ಟೈಲ್ಸ್ ಬೇಕೇ ಬೇಕು. ಕಾಗದದ ಮೇಲಿನ ಯಾವ ಅಂಕಿಯೂ ನೆಲಕ್ಕೆ ಆಗಿ ಬರೋದಿಲ್ಲ, ಒಂದೊಂದು ರೂಮಿಗೂ ಹೋಗಿ ಕೂತು ಎಣಿಸಬೇಕು.

ಎಣಿಸಿದ್ದರ ಮೇಲೆ ಒಂದು ಬಾಕ್ಸ್ ಜಾಸ್ತಿ ತಗೊಳ್ಳಿ ಅಂತಾನೂ ನಾನು ವಾದ ಮಾಡ್ತೀನಿ. ಇದು ವೇಸ್ಟೇಜ್ ಅಲ್ಲ. ಒಲೆಯಲ್ಲಿ ಬೆಂದು ಬರೋ ವಸ್ತು, ಒಂದು ಸಲದ್ದು ಇನ್ನೊಂದು ಸಲಕ್ಕೆ ಪಡಿಯಚ್ಚಾಗಿ ಬರೋದಿಲ್ಲ. ಅದಕ್ಕೇ ಬಾಕ್ಸಿನ ಮೇಲೆ ಬ್ಯಾಚು, ಶೇಡು ಅಂತ ನಂಬರ್ ಹೊಡೆದಿರ್ತಾರೆ. ಗುಜರಾತಿನ ಮೋರ್ಬಿಯಿಂದ ಲೋಡುಗಟ್ಟಲೆ ಬರೋ ಡಿಸೈನುಗಳು ಎರಡು ವರ್ಷಕ್ಕೆ ಬದಲಾಗ್ತಾ ಹೋಗುತ್ತೆ. ಐದು ವರ್ಷ ಆದ ಮೇಲೆ ಪ್ಲಂಬರ್ ಬಂದು ಪೈಪಿಗೋಸ್ಕರ ಎರಡು ಪೀಸು ಒಡೆದ್ರೆ ಅದೇ ಟೈಲ್ಸನ್ನ ಎಲ್ಲಿಂದ ತರ್ತೀರಿ? ತಗೊಳ್ಳೋವಾಗ ಎಲ್ಲ ಬಾಕ್ಸಿನ ನಂಬರೂ ಒಂದೇ ಇದೆಯಾ ನೋಡಿ. ಬಿಚ್ಚದ ಬಾಕ್ಸ್ ವಾಪಸ್ ತಗೋತೀರಾ ಅಂತ ಮೊದಲೇ ಕೇಳಿ, ಹೂಂ ಅಂದ್ರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿ ಮಾತು ಆಮೇಲೆ ಯಾರಿಗೂ ನೆನಪಿರೋದಿಲ್ಲ. ರೆಡ್ ಆಕ್ಸೈಡ್ ಕಾಲದಲ್ಲೂ ಇದೇ ಪಾಡು ಇತ್ತು ಅಂತ ಅಪ್ಪ ಹೇಳ್ತಾರೆ. ಒಂದು ರೂಮಿಗೆ ಬೇಕಾದ ಪುಡಿ ಒಂದೇ ಸಲಕ್ಕೆ ತಂದು ಒಂದೇ ಹದದಲ್ಲಿ ಕಲೆಸಬೇಕು. ಮಧ್ಯ ಕಮ್ಮಿ ಬಿತ್ತು ಅಂತ ನಾಳೆ ಕಲೆಸಿದ್ರೆ ಕೆಂಪು ಬೇರೆ, ಗೆರೆ ಬೇರೆ. ಅಜ್ಜನ ಜಗಲಿಯಲ್ಲಿ ಒಂದು ಕಡೆ ಹಾಗೆ ಗೆರೆ ಇದೆ. ನಾನು ಅದನ್ನ ಬೇಕಂತ ಮಾಡಿದ ಡಿಸೈನ್ ಅಂದ್ಕೊಂಡಿದ್ದೆ!

ಲೆಕ್ಕದ ಮಾತು ಇಷ್ಟು. ಆದ್ರೆ ನಾನು ಬರೆಯೋಕೆ ಕೂತಿದ್ದು ಬರೀ ಲೆಕ್ಕಕ್ಕಲ್ಲ.

ಮೇಸ್ತ್ರಿ ಜಾಸ್ತಿ ಕೇಳಿದ ಕೂಡಲೇ ಕದಿಯೋಕೆ ಕೇಳ್ತಾನೆ ಅಂತ ನಮಗೆ ಯಾಕೆ ಅನ್ಸುತ್ತೆ? ನಮ್ಮ ಆಫೀಸಲ್ಲಿ ನಾವು ಕೊಡೋ ಎಸ್ಟಿಮೇಟ್ ಹೇಗಿರುತ್ತೆ ಅಂತ ನಮಗೆ ಗೊತ್ತಿಲ್ವಾ? ಮೂರು ದಿನದ ಕೆಲಸಕ್ಕೆ ಐದು ದಿನ ಅಂತ ಹಾಕಿ ಅದಕ್ಕೆ ಬಫರ್ ಅಂತ ಮರ್ಯಾದೆಯ ಹೆಸರು ಕೊಡ್ತೀವಿ. ಅದೇ ಅವನು ಮೂರು ಪೀಸು ಕೈ ತಪ್ಪಿದ್ದಕ್ಕೆ ಅಂದ್ರೆ ನಮಗೆ ಸಂಶಯ. ಕಮಿಷನ್ ತಗೊಳ್ಳೋರು ಇಲ್ಲ ಅಂತ ನಾನು ಹೇಳ್ತಾ ಇಲ್ಲ, ಇರ್ತಾರೆ, ಉಳಿದ ಪೀಸು ಚೀಲಕ್ಕೆ ಹಾಕ್ಕೊಂಡು ಹೋಗೋರೂ ಇರ್ತಾರೆ. ಅದನ್ನ ಪತ್ತೆ ಹಚ್ಚೋ ದಾರಿ ಸುಲಭ. "ಸಾಲು ಎಷ್ಟು ಬರುತ್ತೆ, ತೋರಿಸಿ" ಅಂತ ಕೇಳೋದು. ಲೆಕ್ಕ ಗೊತ್ತಿರೋನು ನೆಲದ ಮೇಲೇ ತೋರಿಸ್ತಾನೆ. ನಾನು ಕೇಳಲೇ ಇಲ್ಲ. ಇನ್ನೂರೈವತ್ತು ಕಿಲೋಮೀಟರಿಗಿಂತ ದೂರದಲ್ಲಿ ಕೂತು, ರೂಮನ್ನ ಅಳೆಯದೆ, ಅಳೆದವನ ಮೇಲೆ ಆರೋಪ ಹೊರಿಸಿದೆ.

ಅದರ ಬೆಲೆ ಕಟ್ಟಿದ್ದು ಯಾರು ನೋಡಿ. ಹೊಸ ಲೋಡು ಬರೋವರೆಗೆ ಎರಡು ದಿನ ಕೆಲಸ ನಿಂತಿತು. ಮೇಸ್ತ್ರಿಗೂ ಅವನ ಜೊತೆ ಬಂದಿದ್ದ ಹುಡುಗನಿಗೂ ಎರಡು ದಿನದ ದುಡಿಮೆ ಇಲ್ಲ. ಬೇರೆ ಕಡೆ ಒಪ್ಪಿಕೊಂಡಿದ್ದ ಕೆಲಸವನ್ನೂ ಮುಂದಕ್ಕೆ ಹಾಕಬೇಕಾಯ್ತು. ಚದರಡಿ ಲೆಕ್ಕದಲ್ಲಿ ಕೂಲಿ ಮಾತಾಡಿದ್ದು, ಹಾಗಾಗಿ ಕಾದ ದಿನಕ್ಕೆ ನ್ಯಾಯವಾಗಿ ಯಾರೂ ಕೊಡಬೇಕಾಗಿಲ್ಲ. ಅವನು ಕೇಳಲೂ ಇಲ್ಲ. ಅಪ್ಪ ಆ ಎರಡು ದಿನದ ಸಂಬಳವನ್ನ ಇಬ್ಬರಿಗೂ ತಮ್ಮ ಪೆನ್ಷನ್ ದುಡ್ಡಿಂದ ಕೊಟ್ಟಿದ್ರು. ನನಗೆ ಹೇಳಿರಲಿಲ್ಲ. ಅಮ್ಮ ಯಾವತ್ತೋ ಬಾಯಿ ತಪ್ಪಿ ಹೇಳಿದಾಗ ಗೊತ್ತಾಗಿದ್ದು. ಇನ್ನೊಂದು ಗೂಡ್ಸ್ ಆಟೋದ ಬಾಡಿಗೆ ಬೇರೆ. ನಾನು ಉಳಿಸಿದ ಮೂರು ಸಾವಿರದ ಮೇಲೆ ಅಷ್ಟೂ ಹೋಯ್ತು, ನಾಲ್ಕು ಬಾಕ್ಸೂ ಕೊನೆಗೆ ಬಂದೇ ಬಂತು.

ಇನ್ನೂ ಒಂದಿದೆ. ನಾನು ಸಂಕ್ರಾಂತಿಗೆ ಹೋದಾಗ ರೂಮಿನ ಒಳಗೆ ಹೋಗಿ ನೋಡಿದ್ರೆ ಬಣ್ಣ ವ್ಯತ್ಯಾಸ ಆಗಿದ್ದು ಕಾಣಲೇ ಇಲ್ಲ. ಅಂತೂ ಹೊಂದಿಕೊಂಡಿದೆಯಲ್ಲ ಅಂದೆ. ಅಪ್ಪ ಬಗ್ಗಿ ಮಂಚದ ಮೇಲಿನ ಹೊದಿಕೆ ಎತ್ತಿ ಕೆಳಗೆ ಟಾರ್ಚ್ ಬಿಟ್ಟು ತೋರಿಸಿದ್ರು. ಆ ಎರಡು ಸಾಲು ಪೂರ್ತಿ ಮಂಚದ ಅಡಿಗೆ, ಕಬ್ಬಿಣದ ಬೀರುವಿನ ಅಡಿಗೆ. ಮಿಕ್ಕಿದ್ದು ಗೋಡೆ ಕಪಾಟಿನ ಒಳಗೆ. ಎಂಟೇ ಬಾಕ್ಸ್ ಬಂದಿದ್ದು ನೋಡಿದ ಕೂಡಲೇ ಮೇಸ್ತ್ರಿ "ಮಂಚ ಎಲ್ಲಿ ಬರುತ್ತೆ ಅಮ್ಮಾ?" ಅಂತ ಅಮ್ಮನ್ನ ಕೇಳಿದ್ದನಂತೆ. ಸಾಲೋದಿಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಯಜಮಾನರ ಮಗ ಲೆಕ್ಕ ಹಾಕಿದ್ದಾನೆ, ಎದುರು ಮಾತಾಡೋದು ಬೇಡ ಅಂತ ಸುಮ್ಮನಿದ್ದು, ಕಮ್ಮಿ ಬೀಳೋ ಜಾಗ ಮಂಚದ ಅಡಿಗೇ ಬರೋ ಹಾಗೆ ಬಾಗಿಲ ಕಡೆಯಿಂದ ಶುರು ಮಾಡಿದ್ದ.

ಹೋದ ವರ್ಷ ಅಡುಗೆಮನೆಗೆ ನೆಲ ಹಾಕಿಸುವಾಗ ಅವನನ್ನೇ ಕರೆಸಿದ್ವಿ. ನಾನೂ ರಜೆ ಹಾಕಿ ಹೋಗಿದ್ದೆ, ಗ್ರಾಫ್ ಹಾಳೆ ಸಮೇತ. ಅವನು ಪೀಸು ಇಟ್ಟು ಗುರುತು ಹಾಕ್ತಾ ಹೋದ, ನಾನು ಹಿಂದೆ ಹಿಂದೆ. "ಐದಾರ್ಲಿ ಮೂವತ್ತು" ಅಂದ. ನನ್ನ ಹಾಳೆಯಲ್ಲೂ ಮೂವತ್ತೇ ಇತ್ತು. ಬಾಗಿಲಿಗೆ, ಒಡೆದಿದ್ದಕ್ಕೆ, ಅಟ್ಟದ ಮೇಲೆ ಇಡೋಕೆ ಅಂತ ಸೇರಿಸಿ ಒಂಬತ್ತು ಬಾಕ್ಸ್ ತಂದ್ವಿ. ಚದರಡಿ ಲೆಕ್ಕದಲ್ಲಿ ಆರು ಸಾಕಿತ್ತು! ಹಳೇ ಮಾತಿಗೆ ಕ್ಷಮೆ ಕೇಳೋಣ ಅಂತ ಬಾಯಿ ತೆರೆದೆ, ಅವನಿಗೆ ನಾನು ಆಡಿದ ಮಾತು ತಲುಪಿದೆಯೋ ಇಲ್ಲವೋ ಗೊತ್ತಿಲ್ಲ, ಹೇಳಿ ಹೊಸದಾಗಿ ನೋಯಿಸೋದು ಯಾಕೆ ಅಂತ ಸುಮ್ಮನಾದೆ. "ಸರ್, ಆ ಹಾಳೆ ನಂಗೆ ಕೊಡ್ತೀರಾ, ಹುಡುಗ್ರಿಗೆ ತೋರಿಸೋಕೆ ಆಗುತ್ತೆ" ಅಂದ. ಕೊಟ್ಟೆ.

ರೂಮಿನ ಮಂಚ ಮಾತ್ರ ಅಲ್ಲೇ ಇದೆ. ಅಮ್ಮನಿಗೆ ಅದನ್ನ ಕಿಟಕಿ ಪಕ್ಕಕ್ಕೆ ಎಳೆಸಬೇಕು, ಬೇಸಿಗೆಯಲ್ಲಿ ತೋಟದ ಗಾಳಿ ಬರುತ್ತೆ ಅಂತ ಆಸೆ. ಎಳೆದ್ರೆ ಆ ಎರಡು ಸಾಲು ಎದ್ದು ಕಾಣುತ್ತೆ. "ಕಂಡ್ರೆ ಕಾಣ್ಲಿ ಬಿಡು" ಅಂತ ನಾನು ಎರಡು ಸಲ ಹೇಳಿದೆ. ಅಮ್ಮ ಒಪ್ಪಲಿಲ್ಲ. ಬಂದವರೆಲ್ಲ ಯಾಕೆ ಹೀಗಾಯ್ತು ಅಂತ ಕೇಳ್ತಾರೆ, ಮಗನ ಲೆಕ್ಕ ಅಂತ ಹೇಳೋಕಾಗುತ್ತಾ, ಅಂತಾರೆ.